ಹೋದ ಕೋಚ್‌ನ ಪಾಲು ಯಾರ ಖಾತೆಗೆ?

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ನಿವೃತ್ತಿ ಎಂಬ ಅಧ್ಯಾಯ ಶುರುವಾದ ದಿನ ನಮ್ಮ ಕ್ಲಾಸಿನಲ್ಲಿ ಒಂದು ಸಣ್ಣ ಜಗಳವೇ ಆಯಿತು. ಲೆಕ್ಕ ಸುಲಭದ್ದೇ. ಎ, ಬಿ, ಸಿ ಮೂವರು ಪಾಲುದಾರರು. ಲಾಭ ಹಂಚಿಕೆ 3:2:1. ಬಿ ವ್ಯಾಪಾರ ಬಿಟ್ಟು ಹೋಗುತ್ತಾನೆ. ಸಂಸ್ಥೆಯ ಗುಡ್‌ವಿಲ್ 60,000 ರೂಪಾಯಿ. ಅದರಲ್ಲಿ ಬಿ ಪಾಲು 20,000. ಅದನ್ನು ಎ 15,000, ಸಿ 5,000 ಹಾಕಿ ಅವನ ಖಾತೆಗೆ ಕೊಡಬೇಕು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: "ಸರ್, ಬಿಟ್ಟು ಹೋಗೋನಿಗೆ ಉಳಿದವರು ಕೈಯಿಂದ ಯಾಕೆ ಕೊಡಬೇಕು? ಅವನ ಬಂಡವಾಳ ಅವನಿಗೆ ವಾಪಸ್ ಕೊಟ್ಟರೆ ಸಾಲದಾ?" ಅರ್ಧ ಕ್ಲಾಸು ಅವನ ಕಡೆ ಸೇರಿತು.

ಸರ್ ಸೀಮೆಸುಣ್ಣ ಕೆಳಗಿಟ್ಟು ಹೇಳಿದರು: "ಮುಂದಿನ ವರ್ಷ ಅಂಗಡಿಗೆ ಬರೋ ಗಿರಾಕಿಗಳಲ್ಲಿ ಎಷ್ಟೋ ಜನ ಬಿ ಮುಖ ನೋಡಿ ಬಂದು ಅಭ್ಯಾಸ ಆದವರು. ಆ ಲಾಭ ಕೈಗೆ ಬರೋ ಹೊತ್ತಿಗೆ ಅವನು ಅಲ್ಲಿ ಇರಲ್ಲ. ಅದಕ್ಕೇ ಹೋಗುವಾಗಲೇ ಕೊಟ್ಟು ಕಳಿಸೋದು."

ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಆದರೆ ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಯಾವ ಅಂಗಡಿಯೂ ಅಲ್ಲ. ನಮ್ಮದೇ ಬೆಂಗಳೂರು ಎಫ್‌ಸಿ ತಂಡಕ್ಕೆ ಒಂದೇ ಒಂದು ಸೀಸನ್ ಕೋಚ್ ಆಗಿದ್ದು ಹೋದ ಒಬ್ಬ ಜರ್ಮನ್. ಹೆಸರು ಮಾರ್ಕೊ ಪೆಜ್ಜಾಯುವೋಲಿ.

ಜರ್ಮನ್ ಕೋಚ್ ಎಂದರೆ ನಮ್ಮ ಕಾಲೇಜಿನ ಫುಟ್‌ಬಾಲ್ ಪ್ರಿಯರಿಗೆಲ್ಲ ಒಂದೇ ಹೆಸರು, ಯರ್ಗನ್ ಕ್ಲಾಪ್. ಲಿವರ್‌ಪೂಲ್ ತಂಡಕ್ಕೆ 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್ ತಂದುಕೊಟ್ಟವರು. ಅವರ ಬಗ್ಗೆ ಬರೆದರೆ ಓದುವವರು ಹೆಚ್ಚು ಸಿಗುತ್ತಾರೆ, ಅದು ನನಗೂ ಗೊತ್ತು. ಆದರೆ ಕರ್ನಾಟಕದ ತಂಡಕ್ಕೇ ಬಂದು ಕೆಲಸ ಮಾಡಿದ ಜರ್ಮನ್ ಒಬ್ಬರಿದ್ದಾರೆ, ಅವರ ಹೆಸರು ಹೇಳಿದರೆ ನಮ್ಮವರೇ "ಯಾರು?" ಎಂದು ಕೇಳುತ್ತಾರೆ. ಹೆಸರು ಬಾಯಿಗೆ ಸಿಗುವುದಿಲ್ಲ ಎನ್ನುವುದೂ ಒಂದು ಕಾರಣ ಇರಬಹುದು. ನಮ್ಮ ಮನೆಯಲ್ಲಿ ಭಾಯಿ ಮೊದಲ ದಿನವೇ ಸೋತು "ಮಾರ್ಕೊ" ಎಂದು ಕರೆಯಲು ಶುರು ಮಾಡಿದ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಮಾರ್ಕೊ ಹುಟ್ಟಿದ್ದು 1968ರಲ್ಲಿ, ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ. ದೊಡ್ಡ ಆಟಗಾರ ಎಂದು ಹೆಸರು ಮಾಡಿದವರಲ್ಲ. ಅವರ ಹೆಸರು ಬಂದದ್ದು ಹುಡುಗರಿಗೆ ಕಲಿಸಿದ್ದರಿಂದ. ಇದಕ್ಕೆ ಸ್ವಲ್ಪ ಹಿಂದಿನ ಕತೆ ಬೇಕು. 2000ದ ಯೂರೋ ಕಪ್‌ನಲ್ಲಿ ಜರ್ಮನಿ ಒಂದೂ ಪಂದ್ಯ ಗೆಲ್ಲದೆ ಮೊದಲ ಸುತ್ತಿನಲ್ಲೇ ಹೊರಬಿತ್ತು. ಮೂರು ಸಲ ವಿಶ್ವಕಪ್ ಗೆದ್ದ ದೇಶಕ್ಕೆ ಅದು ದೊಡ್ಡ ಅವಮಾನ. ಆಗ ಅವರು ಮಾಡಿದ್ದು ಹೊಸ ಕೋಚ್ ತಂದು ಕೈ ತೊಳೆದುಕೊಳ್ಳುವ ಕೆಲಸ ಮಾತ್ರ ಅಲ್ಲ. ದೊಡ್ಡ ಕ್ಲಬ್‌ಗಳೆಲ್ಲ ಹುಡುಗರ ತರಬೇತಿ ಕೇಂದ್ರ ನಡೆಸಲೇಬೇಕು ಎಂದು ನಿಯಮ ತಂದರು. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಂದ ಕೆಲಸ ಶುರುವಾಯಿತು. ಅದರ ಫಲ ಬರುವ ಹೊತ್ತಿಗೆ 17 ವರ್ಷದೊಳಗಿನ ಜರ್ಮನ್ ತಂಡದ ಕೋಚ್ ಆಗಿದ್ದವರು ಮಾರ್ಕೊ. 2009ರ ಮೇ ತಿಂಗಳಲ್ಲಿ, ಮ್ಯಾಗ್ಡೆಬರ್ಗ್‌ನಲ್ಲಿ ನಡೆದ ಫೈನಲ್‌ನಲ್ಲಿ ಅವರ ಹುಡುಗರು ನೆದರ್ಲೆಂಡ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿ ಯುರೋಪ್ ಚಾಂಪಿಯನ್ ಆದರು.

ಆ ತಂಡದಲ್ಲಿ ಯಾರು ಯಾರಿದ್ದರು ನೋಡಿ. ಮಾರಿಯೊ ಗೋಟ್ಸೆ ಇದ್ದ. ಆಮೇಲೆ ಬಾರ್ಸಿಲೋನಾದ ಗೋಲ್‌ಕೀಪರ್ ಆದ ಟೆರ್ ಸ್ಟೆಗನ್ ಇದ್ದ. ಅಲ್ಬೇನಿಯನ್ ಮನೆತನದ ಶ್ಕೋದ್ರಾನ್ ಮುಸ್ತಫಿ ಇದ್ದ. (ಈ ಹೆಸರು ಕೇಳಿ ನಮ್ಮ ಅಮ್ಮಿ, ಅಡುಗೆಮನೆಯಿಂದಲೇ, "ಅವನು ನಮ್ಮವನಾ?" ಎಂದಿದ್ದರು. ಹೌದು ಎಂದಮೇಲೆ ಜರ್ಮನಿ ಆಡಿದಾಗಲೆಲ್ಲ ಅವನು ಇದ್ದಾನಾ ಎಂದು ಕೇಳುವುದು ಅವರಿಗೆ ರೂಢಿಯಾಯಿತು.) ಐದು ವರ್ಷ ಬಿಟ್ಟು, 2014ರ ಜುಲೈ 13ರಂದು, ವಿಶ್ವಕಪ್ ಫೈನಲ್‌ನ 113ನೇ ನಿಮಿಷದಲ್ಲಿ ಅರ್ಜೆಂಟೀನಾ ವಿರುದ್ಧ ಗೋಲು ಹೊಡೆದವನು ಇದೇ ಗೋಟ್ಸೆ. ಆಗ ಅವನಿಗೆ 22 ವರ್ಷ. ಮುಸ್ತಫಿಯೂ ಆ ವಿಶ್ವಕಪ್ ತಂಡದಲ್ಲಿದ್ದ. ಮಾರ್ಕೊ ರಾಯ್ಸ್‌ಗೆ ಗಾಯವಾಗಿದ್ದರಿಂದ ಕೊನೇ ಗಳಿಗೆಯಲ್ಲಿ ಕರೆ ಬಂದು, ಅಲ್ಜೀರಿಯಾ ಪಂದ್ಯದಲ್ಲಿ ತಾನೇ ಗಾಯಗೊಂಡ. ಕಪ್ ಎತ್ತಿದ ಫೋಟೋದಲ್ಲಿರುವ ಕೋಚ್ ಯೊಆಕಿಮ್ ಲೂವ್. ಅದು ಸರಿಯಾದದ್ದೇ. ಹದಿನಾರು ವರ್ಷದ ಗೋಟ್ಸೆಯನ್ನು ಆಡಿಸಿದವರ ಹೆಸರನ್ನು ಆ ರಾತ್ರಿ ಯಾರೂ ಕೇಳಲಿಲ್ಲ.

2010ರಲ್ಲಿ ಮಾರ್ಕೊ ಹೋಫನ್‌ಹೈಮ್ ಎಂಬ ಕ್ಲಬ್‌ಗೆ ಸಹಾಯಕ ಕೋಚ್ ಆಗಿ ಹೋದರು. ಇಲ್ಲಿ ನಮ್ಮ ಹರದನಹಳ್ಳಿಯವರು ಸ್ವಲ್ಪ ಗಮನ ಕೊಟ್ಟು ಓದಬೇಕು. ಹೋಫನ್‌ಹೈಮ್ ನಗರವಲ್ಲ. ಸುಮಾರು ಮೂರು ಸಾವಿರ ಜನರಿರುವ ಹಳ್ಳಿ. ಅಲ್ಲಿ ಚಿಕ್ಕಂದಿನಲ್ಲಿ ಚೆಂಡು ಒದ್ದು ಬೆಳೆದ ಡೀಟ್ಮಾರ್ ಹಾಪ್ ಎಂಬುವರು ಮುಂದೆ ಸ್ಯಾಪ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. (ಬೆಂಗಳೂರಿನಲ್ಲೂ ಆ ಕಂಪನಿಯ ದೊಡ್ಡ ಕಚೇರಿ ಇದೆ.) ಅವರು ತಮ್ಮ ಊರಿನ ಕ್ಲಬ್‌ಗೆ ಹಣ ಹಾಕಿದರು. 2008ರಲ್ಲಿ ಆ ಹಳ್ಳಿಯ ತಂಡ ಜರ್ಮನಿಯ ಮೊದಲ ದರ್ಜೆಯ ಬುಂಡೆಸ್‌ಲೀಗಕ್ಕೇ ಏರಿತು. ಹರದನಹಳ್ಳಿ ಎಂದರೆ ದೇವೇಗೌಡರ ಊರು ಎಂದು ದೇಶಕ್ಕೆ ಗೊತ್ತು, ಒಂದು ಹಳ್ಳಿಯ ಹೆಸರು ದಿಲ್ಲಿಯವರೆಗೆ ಹೋಗುವುದು ಹೇಗೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಫುಟ್‌ಬಾಲ್‌ನಿಂದ ಹಾಗಾದ ಹಳ್ಳಿ ಇದೆ ಎಂದು ನನಗೆ ಗೊತ್ತಾದದ್ದು ಮಾರ್ಕೊ ಬಗ್ಗೆ ಓದುವಾಗಲೇ.

ಅಲ್ಲಿ ಮುಖ್ಯ ಕೋಚ್ ಆಗಿದ್ದವರು ರಾಲ್ಫ್ ರಾಂಗ್ನಿಕ್. ಲೂಯಿಜ್ ಗುಸ್ತಾವೊ ಎಂಬ ಆಟಗಾರನನ್ನು ಬಯರ್ನ್ ಮ್ಯೂನಿಕ್‌ಗೆ ಮಾರಿದ ವಿಷಯದಲ್ಲಿ ಕ್ಲಬ್ ಜೊತೆ ಮನಸ್ತಾಪವಾಗಿ 2011ರ ಹೊಸವರ್ಷಕ್ಕೆ ಅವರು ಬಿಟ್ಟು ಹೋದರು. ಸೀಸನ್ ನಡುವೆ, ಒಳ್ಳೆಯ ಆಟಗಾರನೊಬ್ಬ ಮಾರಾಟವಾದ ತಂಡ ಮಾರ್ಕೊ ಕೈಗೆ ಬಂತು. ಕೊನೆಗೆ 11ನೇ ಸ್ಥಾನ. ಸೀಸನ್ ಮುಗಿಯುತ್ತಲೇ ಹೊಸ ಕೋಚ್ ಬಂದರು. ಪಟ್ಟಿ ನೋಡಿದರೆ ಅಲ್ಲಿಗೆ ಕತೆ ಮುಗಿಯಿತು. ಆದರೆ ಆ ಐದು ತಿಂಗಳಲ್ಲಿ ಆ ತಂಡದಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬ ಬಯರ್ನ್‌ನಿಂದ ಅರ್ಧ ಸೀಸನ್ನಿಗೆ ಎರವಲು ಬಂದ 18 ವರ್ಷದ ಡೇವಿಡ್ ಅಲಾಬಾ. ಇನ್ನೊಬ್ಬ ಬ್ರೆಜಿಲ್‌ನಿಂದ ಆಗಷ್ಟೇ ಬಂದಿಳಿದ ರಾಬರ್ಟೊ ಫರ್ಮಿನೊ. ಫರ್ಮಿನೊ ಯುರೋಪ್‌ನಲ್ಲಿ ಮೊದಲ ಪಂದ್ಯ ಆಡಿದ್ದು ಮಾರ್ಕೊ ಕೈಕೆಳಗೆ. ಮುಂದೆ ಅವನು ಲಿವರ್‌ಪೂಲ್‌ನಲ್ಲಿ ಏನಾದ ಎಂದು ಕ್ಲಾಪ್ ಅಭಿಮಾನಿಗಳಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಫರ್ಮಿನೊನನ್ನು ಮಾರ್ಕೊ "ಮಾಡಿದರು" ಎಂದು ಹೇಳಿದರೆ ಸುಳ್ಳಾಗುತ್ತದೆ. ಐದು ತಿಂಗಳಲ್ಲಿ ಯಾರೂ ಯಾರನ್ನೂ ಮಾಡುವುದಿಲ್ಲ. 2014ರಲ್ಲಿ ಜಪಾನ್‌ನ ಸೆರೆಜೊ ಒಸಾಕಾ ತಂಡಕ್ಕೆ ಕೋಚ್ ಆಗಿ ಹೋದ ಮಾರ್ಕೊ ಕೆಲವೇ ತಿಂಗಳಲ್ಲಿ ಹೊರಬಂದರು. ಆ ವರ್ಷ ಆ ತಂಡ ಕೆಳದರ್ಜೆಗೆ ಇಳಿಯಿತು. ಉರುಗ್ವೆಯ ಡಿಯೇಗೊ ಫೋರ್ಲಾನ್ ತಂಡದಲ್ಲಿದ್ದರೂ ಇಳಿಯಿತು. ಆಮೇಲೆ ಅವರು ಚೀನಾದ ಗ್ವಾಂಗ್‌ಝೌನಲ್ಲಿ ಹುಡುಗರ ತರಬೇತಿಗೆ ಮರಳಿದರು, ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ಕ್ಲಬ್‌ನಲ್ಲಿ ಟೆಕ್ನಿಕಲ್ ಡೈರೆಕ್ಟರ್ ಆದರು. ಅಂದರೆ ಮನುಷ್ಯನ ಸ್ವಭಾವ ಸ್ಪಷ್ಟ. ಈ ಭಾನುವಾರ ಗೆಲ್ಲಿಸಿಕೊಡು ಎಂದರೆ ಅವರು ಸ್ವಲ್ಪ ತಡವರಿಸುತ್ತಾರೆ. ಹುಡುಗರನ್ನು ಕೊಟ್ಟು, ಎರಡು ವರ್ಷ ಬಿಟ್ಟು ಬರುತ್ತೇವೆ ಎಂದರೆ ಅವರು ಸರಿಯಾದ ಆಳು.

ಅಂಥವರನ್ನು ಬೆಂಗಳೂರು ಎಫ್‌ಸಿ 2021ರ ಫೆಬ್ರವರಿಯಲ್ಲಿ ಮೂರು ವರ್ಷಕ್ಕೆಂದು ಕರೆದುಕೊಂಡು ಬಂತು.

ಆಗ ತಂಡದ ಸ್ಥಿತಿ ಚೆನ್ನಾಗಿರಲಿಲ್ಲ. 2013ರಲ್ಲಿ ಶುರುವಾದ ಈ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತ್ತು, 2019ರಲ್ಲಿ ಕಾರ್ಲೆಸ್ ಕುದ್ರಾತ್ ಕೈಕೆಳಗೆ ಐಎಸ್‌ಎಲ್ ಗೆದ್ದಿತ್ತು. ಆದರೆ 2020-21ರಲ್ಲಿ ಕುದ್ರಾತ್ ನಡುವೆಯೇ ಹೋದರು, ನೌಶಾದ್ ಮೂಸಾ ತಾತ್ಕಾಲಿಕ ಕೋಚ್ ಆಗಿ ಸೀಸನ್ ಮುಗಿಸಿದರು, ತಂಡ ಏಳನೇ ಸ್ಥಾನಕ್ಕೆ ಬಿತ್ತು. ಹಳೆಯ ಆಟಗಾರರಿಗೆ ವಯಸ್ಸಾಗಿತ್ತು. ಕೊರೊನಾ ಬೇರೆ. ಮಾರ್ಕೊ ಅವರ ಮೊದಲ ಪಂದ್ಯ ಗೋವಾದಲ್ಲಿ, ನೇಪಾಳದ ಆರ್ಮಿ ತಂಡದ ವಿರುದ್ಧ ಎಎಫ್‌ಸಿ ಕಪ್ ಪಂದ್ಯ. 5-0 ಗೆಲುವು. ಆಮೇಲೆ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ಗೆ ಹೋದ ತಂಡದ ಕೆಲವರು ಕೊರೊನಾ ನಿಯಮ ಮುರಿದು, ಕ್ಲಬ್ ಕ್ಷಮೆ ಕೇಳಿ, ಪಂದ್ಯವೇ ಮುಂದಕ್ಕೆ ಹೋಯಿತು. ಅದು ನಾಚಿಕೆಯ ವಿಷಯವೇ.

2021-22ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು, ಲೀಗ್ ಪಂದ್ಯಗಳೆಲ್ಲ ಪ್ರೇಕ್ಷಕರಿಲ್ಲದೆ. ನಾನಾಗ ಎಂಟನೇ ಕ್ಲಾಸು. ಭಾಯಿ ಫೋನಿನಲ್ಲಿ ಹಾಕುತ್ತಿದ್ದ, ಡೇಟಾ ಮುಗಿಯುವವರೆಗೆ ಇಬ್ಬರೂ ನೋಡುತ್ತಿದ್ದೆವು. ಎಷ್ಟೋ ಪಂದ್ಯಗಳ ಕೊನೆಯ ಹತ್ತು ನಿಮಿಷ ನಾನು ಇವತ್ತಿನವರೆಗೂ ನೋಡಿಲ್ಲ. ಖಾಲಿ ಕುರ್ಚಿಗಳ ಮುಂದೆ ಆಟಗಾರರು ಕೂಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಈಗ ಯೋಚಿಸಿದರೆ ವಿಚಿತ್ರ ಎನಿಸುತ್ತದೆ: ಬೆಂಗಳೂರಿನ ಕೋಚ್ ಆಗಿದ್ದ ಮಾರ್ಕೊ, ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಜನರ ಮುಂದೆ ಒಂದೂ ಲೀಗ್ ಪಂದ್ಯ ಆಡಿಸಲಿಲ್ಲ.

ಮೊದಲ ಪಂದ್ಯದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 4-2. ಭಾಯಿ ಅವತ್ತೇ ಕಪ್ ನಮ್ಮದು ಎಂದ. ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ ಒಂದೇ ಒಂದು ಗೆಲುವಿಲ್ಲ. ಒಡಿಶಾ ಹೊಡೆಯಿತು, ಮುಂಬೈ ಹೊಡೆಯಿತು, ಹೈದರಾಬಾದ್, ಗೋವಾ ಎಲ್ಲ ಹೊಡೆದವು. ಸುನಿಲ್ ಛೇತ್ರಿ ಗೋಲು ಹೊಡೆಯುತ್ತಿಲ್ಲ. ಅಂಥ ಹೊತ್ತಿನಲ್ಲಿ ಈ ಕೋಚ್ ಮಾಡಿದ್ದೇನು? ಛೇತ್ರಿಯನ್ನು ಬೆಂಚಿನಲ್ಲಿ ಕೂರಿಸಿದರು. ಹೆಸರೇ ಕೇಳದ ಹುಡುಗರನ್ನು ಇಳಿಸಿದರು. ಮಣಿಪುರದ ನವೋರೆಮ್ ರೋಶನ್ ಸಿಂಗ್ ಎಂಬ ರೆಕ್ಕೆಯ ಆಟಗಾರನನ್ನು ಹಿಂದಕ್ಕೆ ಎಳೆದು ಫುಲ್‌ಬ್ಯಾಕ್ ಮಾಡಿದರು. ಶ್ರೀನಗರದ ದಾನಿಶ್ ಫಾರೂಕ್‌ಗೆ ಮಧ್ಯಭಾಗದಲ್ಲಿ ಜಾಗ ಕೊಟ್ಟರು. ತಮಿಳುನಾಡಿನ ಶಿವಶಕ್ತಿ ನಾರಾಯಣನ್‌ಗೆ ಐಎಸ್‌ಎಲ್‌ನಲ್ಲಿ ಮೊದಲ ಅವಕಾಶ ಕೊಟ್ಟರು. ಆಗ ಭಾಯಿ ಮಾರ್ಕೊ ಅವರಿಗೆ ಬೈದದ್ದನ್ನು ಕಾಲೇಜು ಪತ್ರಿಕೆಯಲ್ಲಿ ಬರೆಯುವಂತಿಲ್ಲ. "ಸೋಲ್ತಾ ಇರೋವಾಗ ಪ್ರಯೋಗ ಮಾಡ್ತಾನೆ" ಎನ್ನುವುದು ಅದರ ಸಾರಾಂಶ. ನಾನೂ ಹೂಂ ಅಂದಿದ್ದೆ.

ಆಮೇಲೆ ನಿಧಾನವಾಗಿ ತಿರುಗಿತು. ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ ಒಂಬತ್ತು ಪಂದ್ಯಗಳಲ್ಲಿ ತಂಡ ಸೋಲಲೇ ಇಲ್ಲ. ಮುಂಬೈ ಮೇಲೆ 3-0. ಜನವರಿ 30ರಂದು, ಹತ್ತು ಪಂದ್ಯಗಳಿಂದ ಸೋಲದೇ ಬಂದಿದ್ದ ಕೇರಳ ಬ್ಲಾಸ್ಟರ್ಸ್ ತಂಡವನ್ನು 1-0ರಿಂದ ಸೋಲಿಸಿದೆವು. ಗೋಲು ರೋಶನ್‌ದು, ಫ್ರೀಕಿಕ್. ಅವತ್ತು ನಮ್ಮ ಡೇಟಾ ಉಳಿದಿತ್ತು, ಆ ಗೋಲು ನೋಡಿದೆ.

ಆದರೆ ಕಳೆದ ಅಂಕ ವಾಪಸ್ ಬರುವುದಿಲ್ಲ. 20 ಪಂದ್ಯ, 8 ಗೆಲುವು, 5 ಡ್ರಾ, 7 ಸೋಲು, 29 ಅಂಕ, ಆರನೇ ಸ್ಥಾನ. ನಾಲ್ಕನೇ ಸ್ಥಾನದ ಕೇರಳಕ್ಕೆ 34 ಅಂಕ. ಮೊದಲ ನಾಲ್ಕು ತಂಡಕ್ಕೆ ಮಾತ್ರ ಸೆಮಿಫೈನಲ್. 2022ರ ಜೂನ್‌ನಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಹೊಸ ಕೋಚ್ ಎಂದು ಸುದ್ದಿ ಬಂತು. ಮೂರು ವರ್ಷದ ಒಪ್ಪಂದದಲ್ಲಿ ಒಂದು ಸೀಸನ್ ಆಗಿತ್ತು.

ಈಗ ನನ್ನ ಲೆಕ್ಕಶಾಸ್ತ್ರಕ್ಕೆ ಬರುತ್ತೇನೆ. ಗ್ರೇಸನ್ ಬಂದ ಮೂರೇ ತಿಂಗಳಿಗೆ, 2022ರ ಸೆಪ್ಟೆಂಬರ್ 18ರಂದು ಕೊಲ್ಕತ್ತಾದಲ್ಲಿ ಬೆಂಗಳೂರು ಎಫ್‌ಸಿ ಡ್ಯುರಾಂಡ್ ಕಪ್ ಗೆದ್ದಿತು. ಏಷ್ಯಾದ ಅತಿ ಹಳೆಯ ಟೂರ್ನಿ ಅದು. ಫೈನಲ್‌ನಲ್ಲಿ ಮುಂಬೈ ವಿರುದ್ಧ 2-1. ಮೊದಲ ಗೋಲು ಶಿವಶಕ್ತಿ. ಎರಡನೆಯದು ಅಲನ್ ಕೋಸ್ಟಾ, ಮಾರ್ಕೊ ಇದ್ದ ವರ್ಷ ತಂಡಕ್ಕೆ ಸೇರಿದ ಬ್ರೆಜಿಲ್‌ನ ಡಿಫೆಂಡರ್. ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ 2021-22ರಲ್ಲಿ ರೋಶನ್‌ಗೆ ಬಂದಿತ್ತು. ಮರುವರ್ಷ ಅದೇ ಪ್ರಶಸ್ತಿ ಶಿವಶಕ್ತಿಗೆ. ಎರಡು ವರ್ಷ ಸಾಲಾಗಿ ಒಂದೇ ತಂಡದ ಹುಡುಗರು! ರೋಶನ್, ದಾನಿಶ್ ಇಬ್ಬರೂ 2022ರ ಮಾರ್ಚ್‌ನಲ್ಲಿ ಬಹರೇನ್ ವಿರುದ್ಧ ಒಂದೇ ದಿನ ಭಾರತ ತಂಡಕ್ಕೆ ಆಡಿದರು. 2022-23ರ ಲೀಗ್‌ನಲ್ಲಿ ತಂಡ ಸತತ ಎಂಟು ಪಂದ್ಯ ಗೆದ್ದು ಫೈನಲ್‌ವರೆಗೆ ಹೋಗಿ, ಪೆನಾಲ್ಟಿಯಲ್ಲಿ ಮೋಹನ್ ಬಗಾನ್‌ಗೆ ಸೋತಿತು. ಛೇತ್ರಿ ಕೇರಳದ ಗೋಡೆ ನಿಲ್ಲುವ ಮೊದಲೇ ಫ್ರೀಕಿಕ್ ಹೊಡೆದು, ಕೇರಳ ತಂಡ ಮೈದಾನ ಬಿಟ್ಟು ಹೊರಟೇಹೋದ ಆ ಪಂದ್ಯವೂ ಅದೇ ವರ್ಷದ್ದು. ಅದರ ಬಗ್ಗೆ ನಮ್ಮ ಕಾಲೇಜು ಬಸ್‌ಸ್ಟಾಪಿನಲ್ಲಿ ಇನ್ನೂ ವಾದ ಮುಗಿದಿಲ್ಲ.

ಈ ಲಾಭವೆಲ್ಲ ಗ್ರೇಸನ್ ಖಾತೆಗೆ ಹೋಯಿತು. ಭಾಯಿ ಹೇಳುವುದು: ಹೋಗಲೇಬೇಕು, ಗೆಲ್ಲಿಸಿದವರು ಅವರು. ಅವನ ವಾದದಲ್ಲಿ ಹುರುಳಿದೆ. ಗ್ರೇಸನ್ ಜೊತೆ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಝಿಂಗನ್, ಪ್ರಬೀರ್ ದಾಸ್ ಎಲ್ಲ ಬಂದರು. ಶಿವಶಕ್ತಿಗೆ ಪ್ರತಿ ವಾರ ಆಡುವ ಧೈರ್ಯ ಕೊಟ್ಟವರು ಗ್ರೇಸನ್. ಶಿವಶಕ್ತಿಯಂಥ ಹುಡುಗರನ್ನು ಎರಡನೇ ತಂಡದಲ್ಲಿ ಸಾಕಿದ ನೌಶಾದ್ ಮೂಸಾ ಅವರ ಪಾಲೂ ಇದೆ. 2021ರ ಡ್ಯುರಾಂಡ್ ಕಪ್‌ನಲ್ಲಿ ಹುಡುಗರನ್ನೇ ಕಟ್ಟಿಕೊಂಡು ಸೆಮಿಫೈನಲ್‌ವರೆಗೆ ಹೋದವರು ಅವರು. ಆದ್ದರಿಂದ ಮಾರ್ಕೊ ಪಾಲು ಇಷ್ಟೇ ರೂಪಾಯಿ ಎಂದು ಹೇಳಲು ನನಗೆ ಬರುವುದಿಲ್ಲ. ಅವರನ್ನು ಕ್ಲಬ್ ಉಳಿಸಿಕೊಳ್ಳಲೇಬೇಕಿತ್ತು ಎಂದೂ ನಾನು ವಾದಿಸುತ್ತಿಲ್ಲ. ನಾನು ಹೇಳುವುದು ಇಷ್ಟು: ಬಿ ಹೋದ ಮೇಲೆ ಅವನ ಪಾಲನ್ನು 20,000 ಅಂತಲೋ 12,000 ಅಂತಲೋ ವಾದ ಮಾಡೋಣ, ಅದು ಬೇರೆ. ಸೊನ್ನೆ ಎಂದು ಬರೆದರೆ ಆ ಲೆಕ್ಕ ತಪ್ಪು. ನಮ್ಮ ಸರ್ ಆದರೆ ಸುತ್ತು ಹಾಕುತ್ತಾರೆ.

ಇನ್ನೊಂದು ಸಂಗತಿ ನೋಡಿ. 2022-23ರಲ್ಲಿ ಗ್ರೇಸನ್ ತಂಡವೂ ಡಿಸೆಂಬರ್‌ನಲ್ಲಿ ಪಟ್ಟಿಯ ಕೆಳಗಡೆಯೇ ಇತ್ತು. ಮಾರ್ಕೊ ತಂಡ ಹಿಂದಿನ ವರ್ಷ ಇದ್ದ ಹಾಗೆಯೇ. ಅಲ್ಲಿಗೇ ನಿಲ್ಲಿಸಿ ತೂಗಿದ್ದರೆ ಗ್ರೇಸನ್ ಕೂಡ ಸೋತವರೇ. ಮುಂದಿನ ವರ್ಷ, 2023ರ ಡಿಸೆಂಬರ್‌ನಲ್ಲಿ ಅವರೂ ಹೋದರು. ಲೆಕ್ಕದ ಪುಸ್ತಕ ಯಾವ ತಾರೀಖಿಗೆ ಮುಚ್ಚುತ್ತೀರಿ ಎನ್ನುವುದರ ಮೇಲೆ ಲಾಭ ನಷ್ಟ ನಿಂತಿರುತ್ತದೆ ಎಂದು ಕಾಮರ್ಸ್‌ನವರಿಗೆ ಗೊತ್ತು. ನಾವು ಮಾರ್ಚ್ 31 ಎನ್ನುತ್ತೇವೆ. ಫುಟ್‌ಬಾಲ್‌ನವರು ಕೊನೇ ಪಂದ್ಯ ಎನ್ನುತ್ತಾರೆ. ಹುಡುಗರು ಬೆಳೆಯುವುದು ಎರಡರ ಲೆಕ್ಕಕ್ಕೂ ಅಲ್ಲ.

ಇಷ್ಟೆಲ್ಲ ಒಬ್ಬ ದೂರದ ಕೋಚ್‌ಗಾಗಿ ಯಾಕೆ ಬರೆಯುತ್ತಿದ್ದೀಯ ಎಂದು ನನ್ನ ಗೆಳತಿ ಕೇಳಿದಳು. ಕಾರಣ ಇದೆ.

ಆ 2021ರಲ್ಲಿ, ಒಂದೂವರೆ ವರ್ಷ ಶಾಲೆ ಸರಿಯಾಗಿ ನಡೆಯದೆ ಮತ್ತೆ ಬಾಗಿಲು ತೆಗೆದಾಗ, ನಮ್ಮ ಹೈಸ್ಕೂಲಿಗೆ ಗಣಿತಕ್ಕೆ ಒಬ್ಬರು ಅತಿಥಿ ಶಿಕ್ಷಕರು ಬಂದರು. ಮೊದಲ ದಿನ ಅವರು ಬೋರ್ಡಿನ ಮೇಲೆ ಒಂದು ಭಿನ್ನರಾಶಿ ಲೆಕ್ಕ ಬರೆದರು. ಇಡೀ ಕ್ಲಾಸಿನಲ್ಲಿ ಮೂವರು ಮಾಡಿದರು. ನಾನು ಆ ಮೂವರಲ್ಲಿ ಇರಲಿಲ್ಲ. ಉರ್ದು ಶಾಲೆಯಿಂದ ಬಂದ ನನಗೆ ಛೇದ, ಅಂಶ ಎನ್ನುವ ಮಾತುಗಳೇ ಆಗ ಹೊಸದು. ಸರ್ ಎಂಟನೇ ಕ್ಲಾಸಿನ ಪುಸ್ತಕ ಮುಚ್ಚಿಟ್ಟು ಐದನೇ ಕ್ಲಾಸಿನ ಗಣಿತ ಶುರು ಮಾಡಿದರು. ಭಾಗಾಕಾರ, ಭಿನ್ನರಾಶಿ, ದಶಮಾಂಶ. ತಿಂಗಳುಗಟ್ಟಲೆ. ಪೋರ್ಷನ್ ಹಿಂದೆ ಬಿತ್ತು. ಒಂಬತ್ತನೇ ಕ್ಲಾಸಿನಲ್ಲೂ ಅವರದ್ದು ಅದೇ ರೀತಿ, ಬಾರದ್ದನ್ನು ಬಿಟ್ಟು ಮುಂದೆ ಹೋಗುವವರಲ್ಲ. ಪಕ್ಕದ ಶಾಲೆಯವರು ಎಲ್ಲ ಅಧ್ಯಾಯ ಮುಗಿಸಿ ರಿವಿಷನ್ ಮಾಡುತ್ತಿದ್ದಾಗ ನಮ್ಮದು ಇನ್ನೂ ಮೂರು ಬಾಕಿ. ಪರೀಕ್ಷೆಯಲ್ಲಿ ನಮ್ಮ ಅಂಕ ಕೆಟ್ಟದಾಗಿ ಬಂತು.

ಪೋಷಕರ ಸಭೆಯಲ್ಲಿ ದೂರು ಹೋಯಿತು. ದೂರು ಹೇಳಿದವರಲ್ಲಿ ನಮ್ಮ ಅಬ್ಬಾ ಇದ್ದರು. ಅಬ್ಬಾಗೆ ಮನೆಯಲ್ಲಿ ಹೇಳಿಕೊಟ್ಟವಳು ನಾನೇ, "ಸರ್‌ಗೆ ಪಾಠ ಮುಗಿಸೋಕೆ ಬರಲ್ಲ" ಎಂದು. ಮುಂದಿನ ಜೂನ್‌ನಲ್ಲಿ ಆ ಸರ್ ಬರಲಿಲ್ಲ.

ಎಸ್ಸೆಸ್ಸೆಲ್ಸಿಗೆ ಹೊಸ ಸರ್ ಬಂದರು. ಒಳ್ಳೆಯವರು, ಚುರುಕು. ಮೊದಲ ವಾರವೇ ಅವರು, "ನಿಮಗೆಲ್ಲ ಬೇಸಿಕ್ಸ್ ಚೆನ್ನಾಗಿದೆಯಲ್ಲ, ನನ್ನ ಕೆಲಸ ಅರ್ಧ ಆಯಿತು" ಎಂದರು. ನಾವು ಹಲ್ಲು ಕಿರಿದೆವು. ಯಾರೂ ಏನೂ ಹೇಳಲಿಲ್ಲ. 2024ರ ಪರೀಕ್ಷೆ ವೆಬ್‌ಕಾಸ್ಟಿಂಗ್ ಬಂದ ವರ್ಷ, ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇಕಡಾ 73.40ಕ್ಕೆ ಇಳಿದಿತ್ತು. ನಮ್ಮ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದವರು ಇಬ್ಬರೇ. ಗೇಟಿನ ಮುಂದೆ ಫ್ಲೆಕ್ಸ್ ಹಾಕಿದರು. ಹೆಚ್ಚು ಅಂಕ ತೆಗೆದವರ ಫೋಟೋ, ಮುಖ್ಯೋಪಾಧ್ಯಾಯರ ಫೋಟೋ, ಗಣಿತದ ಹೊಸ ಸರ್ ಫೋಟೋ. ನನ್ನ ಫೋಟೋವೂ ಇತ್ತು, ಎರಡನೇ ಸಾಲಿನಲ್ಲಿ. ಫ್ಲೆಕ್ಸ್ ನೋಡಲು ಅಬ್ಬಾ ಗಾಡಿ ನಿಲ್ಲಿಸಿ ಇಳಿದರು. ಆ ಫ್ಲೆಕ್ಸ್‌ನಲ್ಲಿ ಯಾರ ಮುಖ ಇಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಮಾತಾಡಲಿಲ್ಲ.

ಹೊಸ ಸರ್ ಫೋಟೋ ತೆಗೆಯಬೇಕು ಎಂದು ನಾನು ಹೇಳುತ್ತಿಲ್ಲ. ಇನ್ನೊಂದು ಫೋಟೋಗೆ ಜಾಗ ಇತ್ತು ಎನ್ನುತ್ತಿದ್ದೇನೆ. ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು ಜೂನ್‌ನಲ್ಲಿ ಬಂದು ಮಾರ್ಚ್‌ಗೆ ಹೋಗುವವರು. ಅವರು ಕಟ್ಟಿದ ಪಾಯದ ಮೇಲೆ ಮುಂದಿನ ವರ್ಷ ಬೇರೆಯವರು ಗೋಡೆ ಏರಿಸುತ್ತಾರೆ. ಪಾಯ ತೋಡುವ ವರ್ಷ ಮನೆ ಕಾಣುವುದಿಲ್ಲ, ಬರೀ ಮಣ್ಣು ಗುಡ್ಡೆ ಕಾಣುತ್ತದೆ. ಆ ಗುಡ್ಡೆ ನೋಡಿ ನಾನು ದೂರು ಹೇಳಿದೆ.

ಆದ್ದರಿಂದ ನಮ್ಮ ಕಾಲೇಜಿಗೆ ಮತ್ತು ಈ ಪತ್ರಿಕೆಯ ಸಂಪಾದಕರಿಗೆ ನನ್ನದೊಂದು ವಿನಂತಿ. ಫಲಿತಾಂಶ ಬಂದಾಗ ನೋಟಿಸ್ ಬೋರ್ಡಿನಲ್ಲಿ ವಿಷಯವಾರು ಪಟ್ಟಿ ಹಾಕುತ್ತೀರಿ, ಎದುರಿಗೆ ಉಪನ್ಯಾಸಕರ ಹೆಸರು ಬರೆಯುತ್ತೀರಿ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಇದೇ ವಿದ್ಯಾರ್ಥಿಗಳಿಗೆ ಪ್ರಥಮ ಪಿಯುಸಿಯಲ್ಲಿ ಈ ವಿಷಯ ಕಲಿಸಿದವರು ಯಾರು ಎಂದು. ಈಗ ಅವರು ಇಲ್ಲಿ ಇರಲಿ, ಬಿಟ್ಟು ಹೋಗಿರಲಿ. ಆಟದ ವಿಭಾಗದ ಬೋರ್ಡಿಗೂ ಇದೇ ಮಾತು. ತಾಲ್ಲೂಕು ಮಟ್ಟದಲ್ಲಿ ಗೆದ್ದ ವರ್ಷದ ಜೊತೆಗೆ ಅದರ ಹಿಂದಿನ ವರ್ಷ ಹುಡುಗರನ್ನು ಓಡಿಸಿದವರ ಹೆಸರೂ ಇರಲಿ. ಖರ್ಚು ಒಂದು ಸ್ಕೇಲು, ಒಂದು ಪೆನ್ನು. ಮೊದಲ ವರ್ಷದ ಪಟ್ಟಿ ಮಾಡಿಕೊಡಲು ನಾನು ತಯಾರಿದ್ದೇನೆ.

ಈ ಲೇಖನ ಬರೆದು ಭಾಯಿಗೆ ಓದಿ ಹೇಳಿದೆ. ಮಾರ್ಕೊ ವಿಷಯದಲ್ಲಿ ಅವನು ಇವತ್ತಿಗೂ ಒಪ್ಪಿಲ್ಲ. "ಆರನೇ ಸ್ಥಾನ ಅಂದರೆ ಆರನೇ ಸ್ಥಾನವೇ" ಎಂದ. ಗಣಿತದ ಸರ್ ವಿಷಯ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಈಗ ಅರಕಲಗೂಡಿನ ಕಡೆ ಮನೆಪಾಠ ಹೇಳುತ್ತಿದ್ದಾರಂತೆ, ಯಾರೋ ಹೇಳಿದರು ಎಂದ. ಮಾರ್ಕ್ಸ್ ಕಾರ್ಡಿನ ಒಂದು ಜೆರಾಕ್ಸ್ ತೆಗೆಸಿ ಇಟ್ಟಿದ್ದೇನೆ. ದಸರಾ ರಜೆಯಲ್ಲಿ ಅಬ್ಬಾ ಜೊತೆ ಹೋಗಬೇಕು. ಹೋಗೋಣ ಎಂದು ಮೊದಲು ಹೇಳಿದ್ದು ಅಬ್ಬಾನೇ.